ವಾಕರ್ ಎಂದರೆ ನಡೆಯುವವನಲ್ಲ: ಇಂಗ್ಲಿಷ್ ಮನೆತನದ ಹೆಸರಿನ ಮೂಲ ಹುಡುಕುವ ಬಗೆ

ನಮ್ಮ ಶಾಸನಗಳ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ಬಿ.ಎಲ್. ರೈಸ್ ಅವರ ಹೆಸರಿಗೂ ಅಕ್ಕಿಗೂ ಏನಾದರೂ ಸಂಬಂಧ ಇದೆಯೇ? ಬೆಂಗಳೂರಿನವರಾದರೆ ಸ್ಯಾಂಕಿ ಕೆರೆಯ ಸ್ಯಾಂಕಿ ಯಾವ ಪದ, ಕಬ್ಬನ್ ಪಾರ್ಕಿನ ಕಬ್ಬನ್ ಅಂದರೇನು ಎಂದು ಕೇಳುತ್ತಾರೆ. ಆಂಗ್ಲೋ ಇಂಡಿಯನ್ ಕುಟುಂಬದವರು ಅಜ್ಜನ ಹೆಸರು ಹಿಡಿದು ಬರುತ್ತಾರೆ. ಬಿಡಿಬಿಡಿಯಾಗಿ ಉತ್ತರ ಹೇಳುತ್ತ ಹೋದರೆ ಮುಗಿಯುವ ಕೆಲಸವಲ್ಲ. ಹುಡುಕುವ ದಾರಿಯನ್ನೇ ಇಲ್ಲಿ ಬರೆದಿದ್ದೇನೆ, ಯಾವ ಹೆಸರು ಸಿಕ್ಕರೂ ನೀವೇ ಹುಡುಕಿಕೊಳ್ಳಬಹುದು.

ರೈಸ್ ವಿಚಾರವನ್ನು ಈಗಲೇ ಹೇಳಿಬಿಡುತ್ತೇನೆ. ಅದಕ್ಕೂ ಅಕ್ಕಿಗೂ ಏನೇನೂ ಸಂಬಂಧವಿಲ್ಲ. ಅದು ವೇಲ್ಸ್ ನಾಡಿನ 'ರೀಸ್' ಎಂಬ ಗಂಡಸರ ಹೆಸರು, ಇಂಗ್ಲಿಷರ ಬಾಯಲ್ಲಿ 'ರೈಸ್' ಆಯಿತು. ಹೇಗೆ ಎಂಬುದು ಎರಡನೇ ಹಂತದಲ್ಲಿ ಬರುತ್ತದೆ.

ಶುರುಮಾಡುವ ಮೊದಲು ಹಿನ್ನೆಲೆ ಸ್ವಲ್ಪ ಬೇಕು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆಲ್ಲುವವರೆಗೆ ಅಲ್ಲಿನ ಜನಕ್ಕೆ ಸಾಮಾನ್ಯವಾಗಿ ಇದ್ದದ್ದು ಒಂದೇ ಹೆಸರು. ಆಮೇಲೆ ವಿಲಿಯಂ, ರಾಬರ್ಟ್, ರಿಚರ್ಡ್, ಜಾನ್ ಎಂಬ ಕೆಲವೇ ಹೆಸರುಗಳು ಊರೂರಿಗೆ ಹಬ್ಬಿದವು. ಒಂದೇ ಹಳ್ಳಿಯಲ್ಲಿ ಹತ್ತು ಜನ ಜಾನ್ ಇದ್ದರೆ ಕಂದಾಯ ಬರೆದುಕೊಳ್ಳುವವನು ಏನು ಮಾಡಬೇಕು? ಕಂಬಾರ ಜಾನ್, ಹೊಳೆದಂಡೆ ಜಾನ್, ರಾಬರ್ಟನ ಮಗ ಜಾನ್, ಕೆಂಚ ಜಾನ್ ಎಂದು ಬರೆದುಕೊಂಡ. ನಮಗೆ ಇದು ಹೊಸದೇನಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಲ್ಲಿ ಊರು, ಅಪ್ಪ, ತಾನು ಮೂರೂ ಇವೆ. ಇಂಗ್ಲೆಂಡಿನಲ್ಲಿ ಹೀಗೆ ಅಂಟಿಕೊಂಡ ಗುರುತು ಮಗನಿಗೆ, ಮೊಮ್ಮಗನಿಗೆ ದಾಟುತ್ತ ಹೋಗಿ 1400ರ ಸುಮಾರಿಗೆ ಹೆಚ್ಚಿನ ಕಡೆ ಗಟ್ಟಿಯಾಗಿ ನಿಂತಿತು. ಉತ್ತರದ ಜಿಲ್ಲೆಗಳಲ್ಲಿ ಸ್ವಲ್ಪ ತಡವಾಯಿತು, ವೇಲ್ಸ್‌ನಲ್ಲಿ ಬಹಳ ತಡವಾಯಿತು.

ನೀವು ಹುಡುಕುವ ಅರ್ಥ ಈ ಕಾಲದ್ದು, ಇಂದಿನ ಇಂಗ್ಲಿಷಿನದ್ದಲ್ಲ. ಇದನ್ನು ಮರೆತಾಗಲೇ ತಪ್ಪುಗಳು ಶುರುವಾಗುವುದು.

1. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳಿ

ಕನ್ನಡದಲ್ಲಿ ಓದಿದ ಹೆಸರನ್ನು ಹಾಗೇ ಹುಡುಕಲು ಹೋಗಬೇಡಿ. ನಮ್ಮ ಲಿಪಿ ಉಚ್ಚಾರ ಹೇಳುತ್ತದೆ, ಕಾಗುಣಿತ ಹೇಳುವುದಿಲ್ಲ. 'ರೈಟ್' ಎಂದು ಬರೆದಾಗ ಅದು ಆರ್ ಅಕ್ಷರದಿಂದ ಶುರುವಾಗುವ 'ಸರಿ' ಎಂಬ ಪದವೋ ಡಬ್ಲ್ಯೂ ಅಕ್ಷರದಿಂದ ಶುರುವಾಗುವ ಹೆಸರೋ ಗೊತ್ತಾಗುವುದಿಲ್ಲ. ಮನೆತನದ ಹೆಸರಾಗಿ ಬರುವುದು ಸಾಮಾನ್ಯವಾಗಿ ಎರಡನೆಯದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ 'ಮಾಡುವವನು, ಕಟ್ಟುವವನು' ಎಂಬ ಅರ್ಥ. ಮರದ ಕೆಲಸದವನಿಗೇ ಹೆಚ್ಚಾಗಿ ಸಲ್ಲುತ್ತಿತ್ತು. ಕಾರ್ಟ್‌ರೈಟ್ ಗಾಡಿ ಮಾಡುವವನು. ನಮ್ಮ ಬಡಿಗೇರ ಎನ್ನುವ ಮನೆತನಕ್ಕೆ ಹತ್ತಿರದ ಹೆಸರು ಇದು.

ಹೆಸರಿನ ಪಕ್ಕದಲ್ಲಿ ಎರಡು ಸಂಗತಿ ಬರೆಯಿರಿ: ಆ ಹೆಸರಿನ, ನಿಮಗೆ ಗೊತ್ತಿರುವ ಅತಿ ಹಳೆಯ ವ್ಯಕ್ತಿ ಯಾವ ಊರಿನವರು, ಯಾವ ಇಸವಿಯವರು. ಹೆಣ್ಣುಮಕ್ಕಳ ಹೆಸರಾದರೆ ಅದು ತವರಿನದ್ದೋ ಗಂಡನ ಮನೆಯದ್ದೋ ನೋಡಿಕೊಳ್ಳಿ. ಥ್ಯಾಚರ್ ಎಂದರೆ ಮಾಡಿಗೆ ಹುಲ್ಲು ಹೊದಿಸುವವನು. ಆದರೆ ಮಾರ್ಗರೆಟ್ ಥ್ಯಾಚರ್ ಹುಟ್ಟಿದ್ದು ರಾಬರ್ಟ್ಸ್ ಮನೆಯಲ್ಲಿ, ಥ್ಯಾಚರ್ ಗಂಡನ ಕಡೆಯ ಹೆಸರು.

ಕಾಗುಣಿತ ಒಂದೇ ಇರಬೇಕೆಂದು ಹಟ ಬೇಡ. ಹಳೆಯ ಕಾಲದಲ್ಲಿ ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು. ಅಪ್ಪನ ಹೆಸರು ಒಂದು ಬಗೆ, ಮಗನದು ಇನ್ನೊಂದು ಬಗೆ ಇರುವುದು ತೀರಾ ಮಾಮೂಲಿ. 'ನಮ್ಮ ಹೆಸರಲ್ಲಿ ಕೊನೆಗೆ ಇ ಇದೆ, ಅವರು ಬೇರೆ' ಎಂದು ಯಾರನ್ನೂ ಬಿಟ್ಟುಬಿಡಬೇಡಿ.

2. ಅದು ಇಂಗ್ಲಿಷ್ ಹೆಸರು ಹೌದೇ ನೋಡಿ

ಬ್ರಿಟಿಷರೆಲ್ಲ ಇಂಗ್ಲಿಷರಲ್ಲ. ಬೆಂಗಳೂರಿನ ದಂಡು ಪ್ರದೇಶದ ಹೆಸರುಗಳಲ್ಲೇ ಇದು ಕಾಣುತ್ತದೆ. ಮರ್ಫಿ ಟೌನಿನ ಮರ್ಫಿ ಐರಿಷ್ ಹೆಸರು, 'ಸಮುದ್ರ ಯೋಧ' ಎಂಬ ಅರ್ಥದ ಹಳೆಯ ಹೆಸರಿನ ವಂಶದವರು. ಕಬ್ಬನ್ ಇಂಗ್ಲಿಷೂ ಅಲ್ಲ, ಐರಿಷೂ ಅಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹುಟ್ಟಿದ್ದು ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಆ ದ್ವೀಪದಲ್ಲಿ 'ಮಗ' ಎಂಬ ಅರ್ಥದ 'ಮ್ಯಾಕ್' ಸವೆದು ಸವೆದು ಕೊನೆಯ ಕಕಾರವೊಂದೇ ಉಳಿಯಿತು. ಅಲ್ಲಿನ ಎಷ್ಟೋ ಹೆಸರುಗಳು ಆ ಧ್ವನಿಯಿಂದಲೇ ಶುರುವಾಗುವುದು ಇದಕ್ಕೇ. ಮ್ಯಾಕ್ ಗಿಬ್ಬನ್, ಅಂದರೆ ಗಿಬ್ಬನನ ಮಗ, ಕಬ್ಬನ್ ಆದ.

ಗುರುತು ಹಿಡಿಯಲು ಕೆಲವು ಕುರುಹುಗಳಿವೆ. ಮೊದಲಿಗೆ ಮ್ಯಾಕ್ ಇದ್ದರೆ ಸ್ಕಾಟಿಷ್ ಅಥವಾ ಐರಿಷ್. ಓ ಇದ್ದರೆ ಐರಿಷ್, 'ಮೊಮ್ಮಗ, ವಂಶಜ' ಎಂದು ಅರ್ಥ. ಫಿಟ್ಜ್ ಇದ್ದರೆ ನಾರ್ಮನ್ ಫ್ರೆಂಚಿನ 'ಮಗ'. ಟ್ರೆ, ಪೊಲ್, ಪೆನ್ ಎಂದು ಶುರುವಾದರೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಕಡೆ ನೋಡಿ. ಕಾರ್ನಿಷ್ ನುಡಿಯಲ್ಲಿ ಟ್ರೆ ಎಂದರೆ ಮನೆ-ಜಮೀನು, ಪೊಲ್ ಎಂದರೆ ಕೊಳ, ಪೆನ್ ಎಂದರೆ ತುದಿ. ಕೋಲಾರದ ಚಿನ್ನದ ಗಣಿಗೆ ಕಾರ್ನ್‌ವಾಲಿನ ಗಣಿ ಕೆಲಸಗಾರರು ಬಂದಿದ್ದರು, ಕೆಜಿಎಫ್ ಕಡೆಯ ಓದುಗರು ಈ ಮೂರು ಅಕ್ಷರಪುಂಜಗಳನ್ನು ನೆನಪಿಟ್ಟುಕೊಳ್ಳಿ.

ಇನ್ನು ವೇಲ್ಸ್. ಅಲ್ಲಿ ಮನೆತನದ ಹೆಸರೇ ಇರಲಿಲ್ಲ. ನಮ್ಮ ಹಳೆ ಮೈಸೂರು ಕಡೆ ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಂಡ ಹಾಗೆ ಪ್ರತಿ ತಲೆಮಾರಿಗೂ ಹೆಸರು ಬದಲಾಗುತ್ತಿತ್ತು. ನಡುವೆ 'ಆಪ್' ಎಂಬ ಪದ, 'ಮಗ' ಎಂದು ಅರ್ಥ. ಇಂಗ್ಲಿಷ್ ಆಡಳಿತದ ಒತ್ತಡ ಬಂದಾಗ ಅಪ್ಪನ ಹೆಸರು ಅಲ್ಲೇ ಹೆಪ್ಪುಗಟ್ಟಿತು. ರೀಸ್ ಎಂಬವನ ಮನೆಯವರು ರೈಸ್ ಆದರು. 'ಆಪ್ ರೀಸ್' ಎಂದು ಬೆಸೆದುಕೊಂಡವರು ಪ್ರೈಸ್ ಆದರು. ಅದಕ್ಕೂ ಬೆಲೆಗೂ ನಂಟಿಲ್ಲ. ಆಪ್ ಹವೆಲ್ ಪವೆಲ್ ಆಯಿತು, ಆಬ್ ಓವೆನ್ ಬೋವೆನ್ ಆಯಿತು. ಸಂಧಿ ಬಿಡಿಸಿ ಗೊತ್ತಿರುವ ನಮಗೆ ಇದು ಸುಲಭ. ಜೋನ್ಸ್, ಡೇವಿಸ್, ಇವಾನ್ಸ್ ಮೇಲ್ನೋಟಕ್ಕೆ ಇಂಗ್ಲಿಷ್ ಹೆಸರುಗಳಂತೆ ಕಂಡರೂ ಬಹುಪಾಲು ವೇಲ್ಸ್‌ನವೇ.

ಮಂಗಳೂರಿನ ಓದುಗರಿಗೆ ಒಂದು ಮಾತು: ಡಿಸೋಜ, ಪಿಂಟೊ, ಲೋಬೊ ಪೋರ್ಚುಗೀಸ್ ಹೆಸರುಗಳು. ಅವುಗಳ ದಾರಿ ಪೂರ್ತಿ ಬೇರೆ, ಈ ಲೇಖನದ ಹಂತಗಳು ಅಲ್ಲಿಗೆ ಸಲ್ಲುವುದಿಲ್ಲ.

3. ನಾಲ್ಕರಲ್ಲಿ ಯಾವ ಬಗೆ?

ಊರು ಅಥವಾ ಜಾಗ, ಕಸುಬು, ಅಪ್ಪ ಅಥವಾ ಅಮ್ಮನ ಹೆಸರು, ಜನ ಇಟ್ಟ ಅಡ್ಡಹೆಸರು. ಇಂಗ್ಲಿಷ್ ಮನೆತನದ ಹೆಸರುಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತವೆ. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಾರ, ಪತ್ತಾರ, ಮೆಣಸಿನಕಾಯಿ ಎಂಬ ಮನೆತನಗಳ ನಡುವೆ ಬೆಳೆದವರು ಅವರು.

ಊರಿನ ಹೆಸರಾದರೆ ಬಾಲ ನೋಡಿ. ಟನ್ ಎಂದರೆ ಬೇಲಿ ಹಾಕಿದ ಜಮೀನು, ಹಳ್ಳಿ. ಲೀ ಎಂದರೆ ಕಾಡು ಕಡಿದು ಮಾಡಿದ ಬಯಲು. ಫೋರ್ಡ್ ಎಂದರೆ ಹೊಳೆ ದಾಟುವ ಜಾಗ. ಬಿ ಎಂಬ ಬಾಲ ಡೆನ್ಮಾರ್ಕ್ ಕಡೆಯಿಂದ ಬಂದು ನೆಲೆಸಿದವರದು, ಯಾರ್ಕ್‌ಶೈರ್, ಲಿಂಕನ್‌ಶೈರ್‌ಗಳಲ್ಲಿ ಹೆಚ್ಚು. ನ್ಯೂಟನ್ ಎಂದರೆ ಹೊಸಹಳ್ಳಿ, ಅಷ್ಟೇ. ಇಲ್ಲಿ ಎಡವುವವರು ಬಹಳ. ನಮ್ಮಲ್ಲಿ ತಾಲ್ಲೂಕಿಗೊಂದು ಹೊಸಹಳ್ಳಿ ಇರುವ ಹಾಗೆ ಇಂಗ್ಲೆಂಡಿನಲ್ಲೂ ನ್ಯೂಟನ್‌ಗಳು ಬೇಕಾದಷ್ಟಿವೆ. ಭೂಪಟದಲ್ಲಿ ಮೊದಲು ಕಂಡ ಊರನ್ನೇ ನಮ್ಮ ಮೂಲ ಎಂದು ಹಿಡಿಯಬೇಡಿ. ಇನ್ನೂ ಒಂದು: ಊರಿನ ಹೆಸರು ಅಂಟುವುದು ಊರು ಬಿಟ್ಟು ಬಂದವನಿಗೆ. ಊರೊಳಗೇ ಇದ್ದವನನ್ನು ಆ ಹೆಸರಿನಿಂದ ಗುರುತಿಸಿ ಏನು ಪ್ರಯೋಜನ?

ಮನೆ ಇದ್ದ ಜಾಗದಿಂದ ಬಂದ ಹೆಸರುಗಳಲ್ಲಿ ಒಂದು ಚಂದದ ಸಂಧಿ ಇದೆ. 'ಅಟ್ಟನ್ ಆಶ್' ಎಂದರೆ ಆಶ್ ಮರದ ಹತ್ತಿರ. ಬೇಗ ಬೇಗ ಹೇಳಿ ನೋಡಿ. ಮೊದಲ ಪದದ ನಕಾರ ಎರಡನೆಯದಕ್ಕೆ ಅಂಟಿಕೊಂಡು ನ್ಯಾಶ್ ಎಂಬ ಮನೆತನ ಹುಟ್ಟಿತು. ಓಕ್ ಮರಗಳ ಬಳಿ ಇದ್ದವನು ಹಾಗೆಯೇ ನೋಕ್ಸ್ ಆದ.

ಅಪ್ಪನ ಹೆಸರಿನದ್ದು ಗುರುತಿಸುವುದು ಸುಲಭ ಎನಿಸುತ್ತದೆ. ಸನ್ ಅಥವಾ ಕೊನೆಗೆ ಒಂದು ಸಕಾರ. ಆದರೆ ಒಳಗಿರುವುದು ಮುದ್ದಿನ ಹೆಸರಾಗಿರಬಹುದು. ರಿಚರ್ಡ್‌ನ ಮುದ್ದಿನ ರೂಪ ಡಿಕ್, ಅದರಿಂದ ಡಿಕ್ಸನ್. ರಾಬರ್ಟ್‌ನದು ಹಾಬ್, ಅದರಿಂದ ಹಾಬ್ಸನ್. ಬೆನ್ಸನ್ ಟೌನಿನ ಬೆನ್ಸನ್‌ನಲ್ಲಿ ಬೆನೆಡಿಕ್ಟ್‌ನ ಚಿಕ್ಕ ರೂಪ ಬೆನ್ ಇದೆ. ಅಮ್ಮನ ಹೆಸರಿನ ಮನೆತನಗಳೂ ಇವೆ ಎನ್ನುವುದನ್ನು ಎಷ್ಟೋ ಜನ ನಂಬುವುದಿಲ್ಲ. ಮ್ಯಾಡಿಸನ್ ಎಂದರೆ ಮಾಡ್ ಎಂಬ ಹೆಂಗಸಿನ ಮಗ, ಮ್ಯಾರಿಯಟ್‌ನಲ್ಲಿ ಮೇರಿ ಇದ್ದಾಳೆ. ಗಂಡ ಸತ್ತ ಮೇಲೆ ಜಮೀನು ನೋಡಿಕೊಂಡ ಹೆಂಗಸಿನ ಮಕ್ಕಳನ್ನು ಊರು ಆಕೆಯ ಹೆಸರಿನಿಂದಲೇ ಕರೆಯುವುದು ಸಹಜವೇ ಆಗಿತ್ತು.

ಅಡ್ಡಹೆಸರುಗಳಲ್ಲಿ ಬಣ್ಣ, ಮೈಕಟ್ಟು, ಸ್ವಭಾವ ಬರುತ್ತವೆ. ರಸೆಲ್ ಎಂದರೆ ಕೆಂಚುಗೂದಲಿನವನು. ಕಾಕ್ಸ್ ಟೌನಿನ ಕಾಕ್ಸ್‌ನಲ್ಲಿ ಇರುವುದು ಹುಂಜ. ಎದೆಯುಬ್ಬಿಸಿ ನಡೆಯುವ ಹುಡುಗನಿಗೆ ಹಾಗೆ ಕರೆಯುತ್ತಿದ್ದರು. ಬ್ಲೇಕ್ ಮಾತ್ರ ಎಚ್ಚರಿಕೆಯಿಂದ ನೋಡಬೇಕಾದ ಹೆಸರು. ಹಳೆಯ ಇಂಗ್ಲಿಷಿನಲ್ಲಿ ಸ್ವರದ ಉದ್ದವೊಂದೇ ಬೇರೆಯಿದ್ದ ಎರಡು ಪದಗಳಿದ್ದವು, ಹ್ರಸ್ವವಿದ್ದರೆ ಕಪ್ಪು, ದೀರ್ಘವಿದ್ದರೆ ಬಿಳಿಚು. ಎರಡೂ ಬ್ಲೇಕ್‌ನಲ್ಲಿ ಬಂದು ಸೇರಿವೆ. ಹಾಗಾಗಿ ಬ್ಲೇಕ್ ಮನೆತನದ ಮೂಲಪುರುಷ ಕಪ್ಪಗಿದ್ದನೋ ಬೆಳ್ಳಗಿದ್ದನೋ ಹೆಸರೊಂದರಿಂದಲೇ ಹೇಳಲು ಬರುವುದಿಲ್ಲ.

4. ಇಂದಿನ ಅರ್ಥವನ್ನು ಬದಿಗಿಡಿ

ಹೆಚ್ಚು ಜನ ಬೀಳುವ ಹಳ್ಳ ಇದೇ. ಅದರಲ್ಲೂ ಕಸುಬಿನ ಹೆಸರುಗಳಲ್ಲಿ.

ವಾಕರ್ ತೆಗೆದುಕೊಳ್ಳಿ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಹಾಗೇ ತೊಡಲು ಬರುವುದಿಲ್ಲ. ಹೆಣಿಗೆ ಸಡಿಲ, ಮೇಲೆ ಕುರಿಯ ಜಿಡ್ಡು. ಅದನ್ನು ತೊಟ್ಟಿಗೆ ಹಾಕಿ, ನೀರು, ಜಿಡ್ಡು ಹೀರುವ ಜೇಡಿಮಣ್ಣು, ಹಳಸಿದ ಮೂತ್ರ ಸುರಿದು, ಬರಿಗಾಲಲ್ಲಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ, ದಪ್ಪವಾಗಿ, ಬೆಚ್ಚಗಾಗುತ್ತಿತ್ತು. ತೊಟ್ಟಿಯಲ್ಲಿ ಹೀಗೆ ತುಳಿಯುವವನೇ ವಾಕರ್. ಇದೇ ಕೆಲಸ ಮಾಡುವವನಿಗೆ ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್ ಎಂದರು. ಉತ್ತರದಲ್ಲೂ ನಡುನಾಡಿನಲ್ಲೂ ವಾಕರ್. ಮೂರು ಮನೆತನ, ಕಸುಬು ಒಂದೇ. ಫುಲ್ಲರ್‌ಗಳು ಬಳಸುತ್ತಿದ್ದ ಆ ಜೇಡಿಮಣ್ಣನ್ನು ಇಂಗ್ಲಿಷಿನಲ್ಲಿ ಇವತ್ತಿಗೂ 'ಫುಲ್ಲರನ ಮಣ್ಣು' ಎಂದೇ ಕರೆಯುತ್ತಾರೆ. ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚಲು ಮುಲ್ತಾನಿ ಮಿಟ್ಟಿ ಎಂದು ಸಿಗುತ್ತದಲ್ಲ, ಅದೇ ಮಣ್ಣು. ಬಿಸಿಲಲ್ಲಿ ಬಂದ ಮುಖದ ಎಣ್ಣೆಯನ್ನು ಅದು ಹೀರುವುದು ಹೇಗೋ ಉಣ್ಣೆಯ ಜಿಡ್ಡನ್ನು ಹೀರುತ್ತಿದ್ದುದೂ ಹಾಗೆಯೇ.

ಇದೇ ರೀತಿ ದಾರಿ ತಪ್ಪಿಸುವ ಇನ್ನೂ ಕೆಲವು ಹೆಸರುಗಳು: ಬಾರ್ಕರ್‌ಗೂ ನಾಯಿ ಬೊಗಳುವುದಕ್ಕೂ ಸಂಬಂಧವಿಲ್ಲ, ಮರದ ತೊಗಟೆ ಬಳಸಿ ಚರ್ಮ ಹದ ಮಾಡುವವನು ಅವನು. ಕೆಲವು ಕಡೆ ಫ್ರೆಂಚ್ ಮೂಲದಿಂದ 'ಕುರುಬ' ಎಂಬ ಅರ್ಥವೂ ಬಂದಿದೆ. ಫಾರ್ಮರ್ ಎಂದರೆ ಆ ಕಾಲದಲ್ಲಿ ಉಳುವ ರೈತನಲ್ಲ. ಇಂತಿಷ್ಟು ಹಣ ಕಟ್ಟುತ್ತೇನೆಂದು ಒಪ್ಪಿಕೊಂಡು ಕಂದಾಯ ಎತ್ತುವ ಹಕ್ಕು ಪಡೆದವನು, ನಮ್ಮ ಇಜಾರದಾರನ ಹಾಗೆ. ಮಾರ್ಷಲ್ ಮೊದಲು ಕುದುರೆ ನೋಡಿಕೊಳ್ಳುವ ಆಳು, ದೊಡ್ಡ ಅಧಿಕಾರಿ ಆದದ್ದು ಆಮೇಲೆ. ವೆಬ್‌ಸ್ಟರ್ ಎಂದರೆ ನೇಯುವವಳು. ಆ ಬಾಲ ಮೂಲದಲ್ಲಿ ಸ್ತ್ರೀಲಿಂಗದ್ದು, ಮುಂದೆ ಗಂಡಸರಿಗೂ ಸಂದಿತು. ಕಿಂಗ್, ಬಿಷಪ್, ಪೋಪ್ ಎಂಬ ಮನೆತನದವರು ರಾಜರ, ಧರ್ಮಗುರುಗಳ ವಂಶದವರಲ್ಲ. ಅವರ ಮನೆಯಲ್ಲಿ ಕೆಲಸಕ್ಕಿದ್ದವರು, ಇಲ್ಲವೇ ಹಬ್ಬದ ನಾಟಕದಲ್ಲಿ ಆ ಪಾತ್ರ ಹಾಕಿದವರು, ಇಲ್ಲವೇ ಆ ಗತ್ತು ತೋರಿಸಿದವರು.

5. ಒಳ್ಳೆಯ ನಿಘಂಟು ತೆರೆಯಿರಿ, ಹಳೆಯ ರೂಪ ನೋಡಿ

ಅಂತರ್ಜಾಲದಲ್ಲಿ ಹೆಸರು ಹಾಕಿದ ತಕ್ಷಣ ಒಂದು ಸಾಲಿನ ಅರ್ಥ ಕೊಡುವ ತಾಣಗಳನ್ನು ನಂಬಬೇಡಿ. ಅಲ್ಲಿರುವುದು ಒಂದರಿಂದ ಇನ್ನೊಂದು ನಕಲು ಮಾಡಿಕೊಂಡದ್ದು. 2016ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ ಮತ್ತು ಐರ್ಲೆಂಡಿನ ಮನೆತನದ ಹೆಸರುಗಳ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ತಂದಿದ್ದಾರೆ, 45 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಕೊಂಡುಕೊಳ್ಳುವ ಬೆಲೆಯದ್ದಲ್ಲ, ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಆನ್‌ಲೈನ್‌ನಲ್ಲಿ ಸಿಗುತ್ತದೆಯೇ ವಿಚಾರಿಸಿ.

ನಮೂದು ಓದುವಾಗ ಅರ್ಥಕ್ಕಿಂತ ಹೆಚ್ಚಾಗಿ ಕೆಳಗೆ ಕೊಟ್ಟಿರುವ ಹಳೆಯ ದಾಖಲೆಗಳ ಮೇಲೆ ಕಣ್ಣಿಡಿ. ಯಾವ ಇಸವಿ, ಯಾವ ಜಿಲ್ಲೆ, ಹೆಸರು ಹೇಗೆ ಬರೆದಿದೆ. ಹೆಚ್ಚಿನವು ಕಂದಾಯದ ಪಟ್ಟಿಗಳಿಂದ ಬಂದಿರುತ್ತವೆ. 1377, 1379, 1381ರಲ್ಲಿ ಎತ್ತಿದ ತಲೆಗಂದಾಯದ ಪಟ್ಟಿಗಳು ಇದಕ್ಕೆ ದೊಡ್ಡ ಗಣಿ. ಹೆಸರಿನ ಹಿಂದೆ 'ಡಿ' ಇದ್ದರೆ ಆ ಊರಿನವನು, 'ಲೆ' ಇದ್ದರೆ ಕಸುಬು ಅಥವಾ ಅಡ್ಡಹೆಸರು, 'ಅಟ್ಟೆ' ಇದ್ದರೆ ಆ ಜಾಗದ ಬಳಿ ಮನೆ, 'ಫಿಲಿಯಸ್' ಇದ್ದರೆ ಇಂಥವನ ಮಗ. ಮೂರನೇ ಹಂತದಲ್ಲಿ ನೀವು ಊಹಿಸಿದ ಬಗೆ ಸರಿಯೋ ತಪ್ಪೋ ಈ ಪುಟ್ಟ ಪದವೇ ಹೇಳಿಬಿಡುತ್ತದೆ.

6. ನಕ್ಷೆಯ ಮೇಲೆ ಇಟ್ಟು ನೋಡಿ

1881ರ ಜನಗಣತಿಯ ಸೂಚಿ ಫ್ಯಾಮಿಲಿ ಸರ್ಚ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಖಾತೆ ತೆರೆದರೆ ಸಾಕು. ನಿಮ್ಮ ಹೆಸರು ಯಾವ ಜಿಲ್ಲೆಯಲ್ಲಿ ದಟ್ಟವಾಗಿದೆ ಎಣಿಸಿ ನೋಡಿ. ಅಪರೂಪದ ಹೆಸರುಗಳು ಹುಟ್ಟಿದ ಜಾಗದ ಸುತ್ತಮುತ್ತಲೇ ಐನೂರು ವರ್ಷ ಕಳೆದರೂ ಗುಂಪಾಗಿ ಉಳಿದಿರುತ್ತವೆ. ಸ್ಮಿತ್‌ನಂಥ ಹೆಸರಿಗೆ ನಕ್ಷೆಯಿಂದ ಏನೂ ಉಪಯೋಗವಿಲ್ಲ. ಕಂಬಾರನಿಲ್ಲದ ಊರು ಯಾವುದಿತ್ತು?

ಸ್ಯಾಂಕಿ ಇಲ್ಲಿ ಒಳ್ಳೆಯ ಪಾಠ. ಅದು ವಾರಿಂಗ್ಟನ್ ಬಳಿಯ ಒಂದು ಹೊಳೆ ಮತ್ತು ಊರಿನ ಹೆಸರು, ಹಿಂದೆ ಲ್ಯಾಂಕಶೈರ್‌ಗೆ ಸೇರಿತ್ತು. ಹೆಸರು ಅಲ್ಲಿಯದ್ದು. ಆದರೆ 1882ರಲ್ಲಿ ಬೆಂಗಳೂರಿನ ಕೆರೆ ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಹುಟ್ಟಿದ್ದು ಐರ್ಲೆಂಡಿನ ಟಿಪ್ಪರೆರಿಯಲ್ಲಿ. ಹೆಸರಿನ ಊರು ಬೇರೆ, ಮನುಷ್ಯನ ಊರು ಬೇರೆ.

7. ಇನ್ನು ನಿಮ್ಮ ಮನೆಯ ಕಥೆ

ಇಲ್ಲಿಯವರೆಗೆ ಸಿಕ್ಕಿದ್ದು ಹೆಸರಿನ ಅರ್ಥ, ನಿಮ್ಮ ಪೂರ್ವಜರದ್ದಲ್ಲ. ವೆಸ್ಟ್ ಇಂಡೀಸಿನ ಮಾಲ್ಕಮ್ ಮಾರ್ಷಲ್, ಆಂಡಿ ರಾಬರ್ಟ್ಸ್ ಅವರ ಬೌಲಿಂಗ್ ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಸಾಗಿಸಿದ ಜನರ ಸ್ವಂತ ಹೆಸರುಗಳನ್ನು ಕಿತ್ತುಕೊಂಡರು. ಮುಂದೆ ಅವರ ಮಕ್ಕಳು ಮೊಮ್ಮಕ್ಕಳಿಗೆ ಉಳಿದದ್ದು ಎಷ್ಟೋ ಸಲ ಒಡೆಯರ ಹೆಸರು. ಇಂಗ್ಲಿಷ್ ಹೆಸರಿದ್ದ ಮಾತ್ರಕ್ಕೆ ರಕ್ತವೂ ಅಲ್ಲಿಯದೆಂದು ಹೇಳಬಾರದು. ನಮ್ಮಲ್ಲೂ ಮತಾಂತರದ ವೇಳೆ, ಅನಾಥಾಲಯದಲ್ಲಿ, ದತ್ತು ಹೋದಾಗ ಹೆಸರುಗಳು ಬಂದಿವೆ.

ಆದ್ದರಿಂದ ಹಿಂದಿನಿಂದ ಮುಂದಕ್ಕೆ ಬರಬೇಡಿ, ಇಂದಿನಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರ ನೋಂದಾಯಿಸಲು ತೊಡಗಿದ್ದು 1837ರ ಜುಲೈ 1ರಿಂದ. ಸ್ಕಾಟ್ಲೆಂಡಿನಲ್ಲಿ 1855. ನೋಂದಣಿ ಕಚೇರಿಯ ಸೂಚಿಯಲ್ಲಿ ಮಗುವಿನ ಹೆಸರಿನ ಜೊತೆ ತಾಯಿಯ ತವರಿನ ಹೆಸರೂ ಇರುತ್ತದೆ, ಒಂದೇ ಹೆಸರಿನ ನಾಲ್ಕು ಜನರನ್ನು ಬೇರೆ ಮಾಡಲು ಅದೇ ಕೀಲಿ. ಅದಕ್ಕೂ ಹಿಂದೆ ಹೋಗಲು ಚರ್ಚಿನ ದಾಖಲೆ ಪುಸ್ತಕಗಳು. ಪ್ರತಿ ಚರ್ಚೂ ಇವನ್ನು ಇಡಬೇಕೆಂದು 1538ರಲ್ಲಿ ಆಜ್ಞೆಯಾಯಿತು, ಆದರೆ ಎಲ್ಲ ಕಡೆ ಅಷ್ಟು ಹಿಂದಿನವು ಉಳಿದಿಲ್ಲ.

ಎರಡು ಕಡೆ ಜಾರಿ ಬೀಳುತ್ತೀರಿ, ನೆನಪಿಡಿ. 1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 34 ವರ್ಷದವನು 30 ಎಂದೇ ಕಾಣುತ್ತಾನೆ. ಇನ್ನೊಂದು, 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಳೆಯ ಪುಸ್ತಕದಲ್ಲಿ 1720ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1721. ಇದು ಗೊತ್ತಿಲ್ಲದೆ ಮದುವೆಗೆ ಮೊದಲೇ ಮಗು ಹುಟ್ಟಿಸಿದ ವಂಶವೃಕ್ಷಗಳನ್ನು ನೋಡಿದ್ದೇನೆ.

ದುಡ್ಡು ಕಳೆದುಕೊಳ್ಳುವ ಜಾಗವೂ ಒಂದಿದೆ. 'ನಿಮ್ಮ ಮನೆತನದ ಲಾಂಛನ' ಎಂದು ಸಿಂಹ, ಗುರಾಣಿ ಬರೆದ ಫಲಕ, ಲೋಟ ಮಾರುತ್ತಾರೆ. ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ, ಅವನ ನೇರ ವಂಶಕ್ಕೆ. ಒಂದೇ ಹೆಸರಿನವರೆಲ್ಲರಿಗೆ ಸೇರಿದ ಲಾಂಛನ ಎಂಬುದು ಇಂಗ್ಲೆಂಡಿನಲ್ಲಿ ಇಲ್ಲವೇ ಇಲ್ಲ. ಆ ಕೆಲಸ ನೋಡುವ, 1484ರಲ್ಲಿ ಸ್ಥಾಪನೆಯಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಇದನ್ನೇ ಸ್ಪಷ್ಟವಾಗಿ ಹೇಳುತ್ತದೆ. ಅಜ್ಜಿಗೆ ಉಡುಗೊರೆ ಕೊಡಬೇಕೆಂದು ಇದನ್ನು ಕೊಂಡವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಭಾರತದಲ್ಲಿ ಹುಟ್ಟಿದವರನ್ನು ಇಂಗ್ಲೆಂಡಿನ ಸೂಚಿಯಲ್ಲಿ ಹುಡುಕಿ ಕಾಲ ಕಳೆಯಬೇಡಿ. ರೈಸ್ ಅವರನ್ನೇ ನೋಡಿ. ಅವರು ಹುಟ್ಟಿದ್ದು ಅಲ್ಲಿ ನೋಂದಣಿ ಶುರುವಾದ ಅದೇ 1837ರ ಜುಲೈ ತಿಂಗಳಲ್ಲಿ, ಆದರೆ ಬೆಂಗಳೂರಿನಲ್ಲಿ. ಇಲ್ಲಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳ ಪ್ರತಿಯನ್ನು ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬೆಂಗಳೂರು, ಮೈಸೂರು, ಕೋಲಾರ ಎಂದರೆ ಮದ್ರಾಸಿನ ಸರಣಿ ತೆಗೆಯಿರಿ, ಅದರ ಗುರುತು ಎನ್/2. ಬೆಳಗಾವಿ, ಧಾರವಾಡ ಆದರೆ ಬೊಂಬಾಯಿಯದು, ಎನ್/3. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ತಾಣದಲ್ಲಿ ಉಚಿತವಾಗಿಯೇ ಹುಡುಕಬಹುದು, ಮೊದಲು ಅಲ್ಲಿಗೇ ಹೋಗಿ.

ಪೂರ್ವಜರು ಮಿಷನರಿ ಆಗಿದ್ದರೆ ಈ ಸರಣಿಗಳಲ್ಲಿ ಹೆಸರು ಇಲ್ಲದಿರಬಹುದು. ರೈಸ್ ಅವರ ತಂದೆ ಲಂಡನ್ ಮಿಷನರಿ ಸೊಸೈಟಿಯವರು, ಆ ಸಂಸ್ಥೆಯ ಕಾಗದಪತ್ರಗಳು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ. ಬರೆದು ಕೇಳುವಾಗ ಪೂರ್ತಿ ಹೆಸರು, ಕೆಲಸ ಮಾಡಿದ ಊರು, ಹತ್ತು ವರ್ಷದ ಅಂತರದೊಳಗಿನ ಇಸವಿ, ಇಷ್ಟನ್ನೂ ಮೊದಲ ಪತ್ರದಲ್ಲೇ ಬರೆಯಿರಿ.